ಯಾರು ಹೇಳಿದ್ದು, ಯಾರನ್ನು ಕೇಳಿ ಬರೆದದ್ದು?

ನಮ್ಮ ಶಾಲೆ ಕಾಲೇಜುಗಳಲ್ಲಿ ಸಂಶೋಧನೆ ಎಂಬ ಮಾತು ಈಗ ಬಹಳ ಅಗ್ಗವಾಗಿದೆ. ಹೈಸ್ಕೂಲಿನ ಹುಡುಗರಿಗೂ ಪ್ರಾಜೆಕ್ಟ್ ಬರೆದು ತನ್ನಿ ಅಂತಾರೆ. ಡಿಗ್ರಿಯವರಿಗೆ ಕಿರುಪ್ರಬಂಧ, ಎಂಎ ಮುಗಿಸಿದವರಿಗೆ ಮಹಾಪ್ರಬಂಧ. ಬರೆಯುವುದು ಏನನ್ನು? ಅಲ್ಲಿಂದ ನಾಲ್ಕು ಪುಟ, ಇಲ್ಲಿಂದ ಆರು ಪುಟ ಎತ್ತಿ ಜೋಡಿಸಿ ದಾರ ಹಾಕುವುದು. ಮೊದಲು ಗೈಡಿನಿಂದ ಇಳಿಸುತ್ತಿದ್ದರು, ಈಗ ಮೊಬೈಲಿನಿಂದ ಇಳಿಸುತ್ತಾರೆ. ಎತ್ತಿಕೊಂಡದ್ದು ನಿಜವೋ ಸುಳ್ಳೋ, ಅದನ್ನು ಹೇಳಿದವನು ಯಾರು, ಅವನಿಗೆ ಹೇಗೆ ಗೊತ್ತು ಎಂದು ಕೇಳುವ ಅಭ್ಯಾಸವನ್ನು ಮಾತ್ರ ಮಾಡಿಸುವವರು ಕಡಿಮೆ. ಕೇಳಿದ ಹುಡುಗನಿಗೆ ಸಿಗುವ ಉತ್ತರ ಒಂದೇ: 'ಪುಸ್ತಕದಲ್ಲಿದೆ, ಕೂತ್ಕೊ.'

ಎಲ್ಲೋ ಒಂದೆರಡು ಕಡೆ ಸಂಶೋಧನಾ ವಿಧಾನ ಎಂಬ ಪಾಠ ಇದೆ. ಯಾವ ಆಕರ ನಂಬಬಹುದು ಎಂಬುದಕ್ಕೆ ಅಲ್ಲಿ ಒಂದು ಪಟ್ಟಿ ಕೊಡುತ್ತಾರೆ. ಸರ್ಕಾರ ಪ್ರಕಟಿಸಿದ್ದು ನಂಬಬಹುದು, ವಿಶ್ವವಿದ್ಯಾಲಯ ಪ್ರಕಟಿಸಿದ್ದು ನಂಬಬಹುದು, ಹೆಸರಿನ ಹಿಂದೆ ಡಾಕ್ಟರೇಟ್ ಇದ್ದವರು ಬರೆದದ್ದು ನಂಬಬಹುದು, ಬಾಯಿಮಾತನ್ನು ಎಚ್ಚರದಿಂದ ಬಳಸಬೇಕು. ಈ ಪಟ್ಟಿ ಪೂರ್ತಿ ಸುಳ್ಳು ಅಂತ ನಾವು ಹೇಳುವುದಿಲ್ಲ. ಹೆಸರಿಲ್ಲದ ಕರಪತ್ರಕ್ಕಿಂತ ಹೆಸರು ಹಾಕಿ ಜವಾಬ್ದಾರಿ ಹೊತ್ತು ಬರೆದ ಪುಸ್ತಕ ಮೇಲು, ನಿಜ. ಆದರೆ ಈ ಪಟ್ಟಿ ನೋಡುವುದು ಮೊಹರನ್ನು, ಮಾತನ್ನಲ್ಲ. ಈ ನಾಡಿನಲ್ಲಿ ಮೊಹರು ನೂರಾರು ವರ್ಷ ಯಾರ ಕೈಯಲ್ಲಿತ್ತು? ಲೇಖನಿ ಯಾರ ಕಿವಿಯ ಮೇಲಿತ್ತು? ಅಕ್ಷರವನ್ನೇ ಮುಟ್ಟಗೊಡದೆ ಹೊರಗಿಟ್ಟ ಜನರ ಬಗ್ಗೆ ಅಕ್ಷರದವರು ಬರೆದದ್ದೇ ಪ್ರಮಾಣ, ಅವರು ತಾವೇ ಆಡಿದ್ದು ಬರೀ ಬಾಯಿಮಾತು ಎಂದಾದರೆ, ಸಂಶೋಧನೆಯ ಹೆಸರಿನಲ್ಲಿ ನಡೆಯುವುದು ಹಳೆಯ ಯಜಮಾನಿಕೆಯೇ.

ಇದಕ್ಕೆ ಉತ್ತರವಾಗಿ ನಮ್ಮವರಲ್ಲಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಅವರು ಬರೆದದ್ದೆಲ್ಲ ಸುಳ್ಳು, ನಮ್ಮವರು ಹೇಳಿದ್ದೆಲ್ಲ ನಿಜ. ಕೇಳೋದಕ್ಕೆ ಬಿಸಿಯಾಗಿರುತ್ತೆ, ಚಪ್ಪಾಳೆಯೂ ಬೀಳುತ್ತೆ. ಆದರೆ ಇದೂ ಮೊಹರನ್ನೇ ನೋಡುವ ಕೆಲಸ. ಮೊಹರು ಮಾತ್ರ ಬದಲಾಯಿತು. ನಮ್ಮ ವಾದ ಇಷ್ಟು: ನಂಬಿಕೆ ಎನ್ನುವುದು ಪುಸ್ತಕದ ರಟ್ಟಿನಲ್ಲಿ ಇಲ್ಲ, ಬರೆದವನ ಜಾತಿಯಲ್ಲೂ ಇಲ್ಲ. ಯಾವ ಪ್ರಶ್ನೆಗೆ ಈ ಸಾಕ್ಷಿ? ಹೇಳಿದವನು ಕಂಡು ಹೇಳಿದನೋ, ಕೇಳಿ ಹೇಳಿದನೋ? ಯಾರನ್ನು ಕೇಳಿದ, ಯಾರನ್ನು ಕೇಳಲಿಲ್ಲ? ಹೀಗೆ ಹೇಳಿದರೆ ಲಾಭ ಯಾರಿಗೆ? ಬೇರೆ ಯಾರಾದರೂ ಹೋಗಿ ಪರೀಕ್ಷೆ ಮಾಡಬಹುದೋ, ಇಲ್ಲವೋ? ಈ ಐದು ಪ್ರಶ್ನೆ ಕೇಳಲು ಬಂದ ಹುಡುಗಿಗೆ ಪಿಎಚ್‌ಡಿ ಇಲ್ಲದಿದ್ದರೂ ಅವಳು ಸಂಶೋಧಕಿ. ಇದು ಬಾರದವರಿಗೆ ಎಷ್ಟು ಪದವಿ ಇದ್ದರೂ ಅವರು ನಕಲುಗಾರರೇ.

ಮಾತು ಗಾಳಿಯಲ್ಲಿ ಉಳಿಯಬಾರದು. ನಮ್ಮ ಹಳ್ಳಿಗಳಿಗೆಲ್ಲ ಗೊತ್ತಿರುವ ಒಂದು ಕಾಗದದಿಂದ ಶುರು ಮಾಡೋಣ. ಪಹಣಿ. ಅದರ 9ನೇ ಕಾಲಂನಲ್ಲಿ ಜಮೀನು ಯಾರ ಹೆಸರಿಗಿದೆ ಎಂಬ ವಿವರ. 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರು ಯಾರು, ಬೆಳೆ ಏನು ಎಂಬ ವಿವರ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಮು ಏನು ಹೇಳುತ್ತದೆ ಅಂದರೆ, ಸುಳ್ಳೆಂದು ರುಜುವಾತಾಗುವವರೆಗೆ ಈ ದಾಖಲೆಯಲ್ಲಿ ಬರೆದದ್ದನ್ನು ನಿಜ ಎಂದೇ ತಿಳಿಯಬೇಕು. ಸುಳ್ಳೆಂದು ರುಜುವಾತು ಮಾಡಬೇಕಾದವನು ಯಾರು? ಹೆಸರು ಬಿಟ್ಟುಹೋದವನು. ಹೆಸರು ಬಿಟ್ಟವನಿಗೆ ಆ ಕಷ್ಟ ಇಲ್ಲ.

1963ರಲ್ಲಿ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ ಜಾರಿಗೆ ಬರುವತನಕ ಹಳ್ಳಿಯ ಲೆಕ್ಕ ಬರೆಯುತ್ತಿದ್ದವರು ವಂಶಪಾರಂಪರ್ಯದ ಶಾನುಭೋಗರು. ಆಮೇಲೆ ಸರ್ಕಾರಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಲೆಕ್ಕಿಗ ಊರಿಗೆ ಬಂದರೆ ಕೂರುವುದು ಯಾರ ಜಗಲಿ ಮೇಲೆ, ಕಾಫಿ ಕುಡಿಯುವುದು ಯಾರ ಮನೆಯಲ್ಲಿ ಎಂದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು ಉಳುವವನೇ ಹೊಲದೊಡೆಯ ಎಂದಾಗ ಈ ಕಾಗದದ ನಿಜರೂಪ ಬಯಲಾಯಿತು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯಮಂಡಳಿ ಮುಂದೆ ನಿಂತ. ವರ್ಷಗಟ್ಟಲೆ ಅವನೇ ಉತ್ತಿದ್ದ, ಅವನೇ ಬಿತ್ತಿದ್ದ, ಗೇಣಿಯನ್ನು ಅಳೆದು ಕೊಟ್ಟಿದ್ದ. ಆದರೆ ಒಪ್ಪಂದ ಬಾಯಿಮಾತಿನದು. ಸಾಗುವಳಿ ಕಾಲಂ ತೆಗೆದು ನೋಡಿದರೆ ಒಡೆಯನದೇ ಹೆಸರು, ಇಲ್ಲವೇ 'ಸ್ವಂತ' ಎಂಬ ಒಂದು ಪದ. ಆಗ ಮಂಡಳಿಗಳು ಏನು ಮಾಡಬೇಕಾಯಿತು? ಪಕ್ಕದ ಹೊಲದವರನ್ನು ಕರೆದು ಕೇಳಬೇಕಾಯಿತು, ಗೇಣಿ ರಸೀತಿ ಇದ್ದರೆ ನೋಡಬೇಕಾಯಿತು. ಬರೆದ ಕಾಗದವನ್ನು ಬಾಯಿಮಾತು ತಿದ್ದಬೇಕಾಯಿತು. ತಿದ್ದಲು ಆದವರು ಗೆದ್ದರು. ಸಾಕ್ಷಿ ಹೇಳುವವರು ಹೆದರಿ ಮನೆಯಲ್ಲಿ ಕೂತ ಕಡೆ ಗೇಣಿದಾರ ಸೋತ.

ಇನ್ನೂ ಒಂದು ಮಾತು. ಸುಳ್ಳು ಬರೆದದ್ದನ್ನಾದರೂ ಹಿಡಿಯಬಹುದು. ಬರೆಯಲು ಜಾಗವನ್ನೇ ಇಡದಿದ್ದರೆ? ಪಹಣಿಯಲ್ಲಿ ಒಡೆಯನಿಗೆ ಕಾಲಂ ಉಂಟು, ಸಾಗುವಳಿದಾರನಿಗೆ ಉಂಟು, ಮರಕ್ಕೆ, ನೀರಿಗೆ ಉಂಟು. ಕೂಲಿಯಾಳಿಗೆ ಇಲ್ಲ, ಜೀತದಾಳಿಗೆ ಇಲ್ಲ. ನಾಟಿ ಮಾಡಿ ಕಳೆ ಕಿತ್ತ ಹೆಂಗಸಿಗೆ ಇಲ್ಲ. ಮುಂದೆ ಇತಿಹಾಸ ಬರೆಯುವ ವಿದ್ವಾಂಸ ಈ ಕಾಗದ ಹಿಡಿದುಕೊಂಡು 'ದಾಖಲೆಗಳಲ್ಲಿ ಇವರ ಉಲ್ಲೇಖವಿಲ್ಲ' ಎಂದು ಬರೆದರೆ ಅವನು ಸುಳ್ಳು ಹೇಳಿದ ಹಾಗಾಗುವುದಿಲ್ಲ, ಆದರೆ ಓದುವವರಿಗೆ ಸುಳ್ಳು ತಲುಪಿರುತ್ತದೆ. ಈ ಶತಮಾನದ ಶುರುವಿನಲ್ಲಿ 'ಭೂಮಿ' ಯೋಜನೆಯಡಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಹೋದವು. ಒಳ್ಳೆಯದೇ ಆಯಿತು, ಪ್ರತಿ ಸುಲಭವಾಗಿ ಸಿಗುತ್ತದೆ. ಆದರೆ ಕೈಬರಹದಲ್ಲಿದ್ದ ತಪ್ಪು ಅಚ್ಚಿನ ಅಕ್ಷರವಾದ ಕೂಡಲೇ ಸರಿ ಆಗಿಬಿಡುವುದಿಲ್ಲ. ಸ್ವಲ್ಪ ಅಂದವಾಗಿ ಕಾಣುತ್ತದೆ ಅಷ್ಟೆ.

ಹಾಗಾದರೆ ಪಹಣಿ ಹರಿದು ಬಿಸಾಕಬೇಕೆ? ಬೇಡ. ಯಾರ ಹೆಸರಿನಲ್ಲಿ ಕಂದಾಯ ಕಟ್ಟಿಸಿಕೊಳ್ಳುತ್ತಿದ್ದರು ಎಂಬ ಪ್ರಶ್ನೆಗೆ ಅದು ಗಟ್ಟಿ ಸಾಕ್ಷಿ. ಯಾರು ಬೆವರು ಸುರಿಸಿದರು ಎಂಬ ಪ್ರಶ್ನೆಗೆ ಬಡ ಸಾಕ್ಷಿ. ಒಂದೇ ಕಾಗದ ಒಂದು ಪ್ರಶ್ನೆಗೆ ನಂಬಲರ್ಹ, ಇನ್ನೊಂದಕ್ಕೆ ಅಲ್ಲ. ಇಷ್ಟನ್ನು ಒಬ್ಬ ಹೈಸ್ಕೂಲು ಹುಡುಗ ತಿಳಿದುಕೊಂಡರೆ ಸಂಶೋಧನಾ ವಿಧಾನದ ಅರ್ಧ ಪಾಠ ಮುಗಿದಂತೆ.

ಈಗ ಗ್ರಂಥಾಲಯದ ಕಪಾಟಿಗೆ ಬರೋಣ. ನಮ್ಮ ಜಾತಿಗಳ ಬಗ್ಗೆ ಪ್ರಬಂಧ ಬರೆಯುವವರೆಲ್ಲ ಮೊದಲು ಕೈ ಹಾಕುವುದು ದಪ್ಪ ಸಂಪುಟಗಳಿಗೆ. ಮದರಾಸಿನ ಮ್ಯೂಸಿಯಂ ಅಧಿಕಾರಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ 1909ರಲ್ಲಿ ತಂದ ಏಳು ಸಂಪುಟಗಳಿವೆ. ಮೈಸೂರು ಸೀಮೆಗೆ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಸಂಪುಟಗಳಿವೆ. ಇವುಗಳಲ್ಲಿ ಬೆಲೆಬಾಳುವ ವಿಷಯ ಇಲ್ಲವೆಂದಲ್ಲ. ಆ ಕಾಲದ ಕಸುಬು, ಮದುವೆಯ ಕ್ರಮ, ದೇವರು ದಿಂಡರು, ಬೆಡಗುಗಳ ಹೆಸರು, ಇವೆಲ್ಲ ಬೇರೆ ಕಡೆ ಸಿಗುವುದು ಕಷ್ಟ. ಆದರೆ ಇವು ಹುಟ್ಟಿದ ಕಾಲ ಎಂಥದು? ಥರ್ಸ್ಟನ್ ಅಳತೆಯ ಸಲಕರಣೆ ಹಿಡಿದು ಜನರ ತಲೆ, ಮೂಗು ಅಳೆದವನು. 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ಹರ್ಬರ್ಟ್ ರಿಸ್ಲಿ, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ಸಿದ್ಧಾಂತ ಮಾಡಿದವನು. ಅದೇ ಗಣತಿಯಲ್ಲಿ ಜಾತಿಗಳನ್ನು ಸಾಮಾಜಿಕ ಶ್ರೇಣಿಯ ಪ್ರಕಾರ ಮೇಲೆ ಕೆಳಗೆ ಜೋಡಿಸಲು ಹೊರಟವನು. ಶ್ರೇಣಿ ಗೊತ್ತಾಗಬೇಕಾದರೆ ಯಾರು ಮೇಲು ಯಾರು ಕೀಳು ಅಂತ ಯಾರನ್ನಾದರೂ ಕೇಳಲೇಬೇಕಲ್ಲ? ಮೇಲಿದ್ದವರನ್ನು ಕೇಳಿದರೆ ಕೀಳು ಯಾರೆಂದು ಅವರು ಹೇಳದೆ ಬಿಡುತ್ತಾರೆಯೆ?

ಇಂಥ ಪುಸ್ತಕ ಓದುವಾಗ ವಿದ್ಯಾರ್ಥಿಗೆ ಒಂದು ಕೆಲಸ ಕೊಡಬೇಕು. ಒಂದು ಪುಟ ತೆಗೆದುಕೊಂಡು, ಬರೆದವನು ಕಣ್ಣಾರೆ ಕಂಡ ಮಾತು ಯಾವುದು, ಇನ್ನೊಬ್ಬರಿಂದ ಕೇಳಿದ ಮಾತು ಯಾವುದು, ತನ್ನ ಅಭಿಪ್ರಾಯ ಯಾವುದು ಎಂದು ಬೇರೆ ಬೇರೆ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಹಾಕಿಸಬೇಕು. 'ಇವರು ತಮಟೆ ಬಾರಿಸುತ್ತಾರೆ' ಎಂಬುದು ಕಂಡ ಮಾತು. 'ಇವರು ಸ್ವಭಾವತಃ ಸೋಮಾರಿಗಳು' ಎಂಬ ಧಾಟಿಯ ಮಾತು ಬಂದರೆ ಅದು ಯಾರ ಮಾತು? ಸೂರ್ಯ ಹುಟ್ಟುವ ಮೊದಲು ಎದ್ದು ಇನ್ನೊಬ್ಬರ ಹೊಲಕ್ಕೆ ಹೋದವರನ್ನು ಸೋಮಾರಿ ಅನ್ನಬೇಕಾದರೆ, ಅದು ಕೂಲಿ ಕೊಡುವವನ ಮಾತೇ ಇರಬೇಕು. ಆ ಜನರ ಬಗ್ಗೆ ಈ ವಾಕ್ಯ ಏನನ್ನೂ ಹೇಳುವುದಿಲ್ಲ. ಸುದ್ದಿ ಕೊಟ್ಟವನ ಬಗ್ಗೆ ಬಹಳ ಹೇಳುತ್ತದೆ.

ನಮ್ಮ ಪಂಡಿತರ ಕನ್ನಡದಲ್ಲೇ ಇಂಥ ಒಂದು ಅಡಗುತಾಣ ಇದೆ. 'ಎಂದು ಹೇಳಲಾಗುತ್ತದೆ', 'ಎಂದು ನಂಬಲಾಗಿದೆ', 'ಎಂದು ಭಾವಿಸಲಾಗಿದೆ.' ಹೇಳಿದವರು ಯಾರು ಸ್ವಾಮಿ? ನಂಬಿದವರು ಯಾರು? ಕರ್ತೃ ಇಲ್ಲದ ವಾಕ್ಯ ಅಂದರೆ ಜವಾಬ್ದಾರಿ ಇಲ್ಲದ ವಾಕ್ಯ. ಪ್ರಬಂಧದಲ್ಲಿ ಇಂಥ ಮಾತು ಬಂದ ಕಡೆಯಲ್ಲೆಲ್ಲ ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಯಾರು?' ಎಂದು ಬರೆಯಲಿ. ಉತ್ತರ ಸಿಕ್ಕರೆ ವಾಕ್ಯ ಉಳಿಯಲಿ. ಸಿಗದಿದ್ದರೆ ಹೊಡೆದು ಹಾಕಲಿ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ವಂಚನೆ ಇದೆ. 'ಹತ್ತು ಪುಸ್ತಕದಲ್ಲಿ ಇದೇ ಇದೆ ಸಾರ್' ಅಂತ ಹುಡುಗರು ಹೇಳುತ್ತಾರೆ. ಹತ್ತನ್ನೂ ಬಿಡಿಸಿ ನೋಡಿದರೆ ಒಂಬತ್ತು ಪುಸ್ತಕ ಮೊದಲನೆಯದನ್ನು ನೋಡಿ ಬರೆದಿರುತ್ತವೆ. ಒಂದೇ ಬಾವಿಯ ನೀರನ್ನು ಹತ್ತು ಕೊಡಕ್ಕೆ ತುಂಬಿದರೆ ಹತ್ತು ಬಾವಿ ಆಗುವುದಿಲ್ಲ. ಮೊಬೈಲಿನ ಕಾಲದಲ್ಲಿ ಹತ್ತು ಕೊಡ ಹೋಗಿ ಹತ್ತು ಲಕ್ಷ ಕೊಡ ಆಗಿದೆ. ಬಾವಿ ಅದೇ ಒಂದು. ಆದ್ದರಿಂದ ಎಷ್ಟು ಜನ ಹೇಳಿದ್ದಾರೆ ಎಂದು ಎಣಿಸಬಾರದು. ಒಬ್ಬರನ್ನೊಬ್ಬರು ನೋಡಿಕೊಳ್ಳದೆ ಹೇಳಿದವರು ಎಷ್ಟು ಜನ ಎಂದು ಎಣಿಸಬೇಕು.

ಹೀಗೆ ಪರೀಕ್ಷೆ ಮಾಡಿ ಓದುವುದಕ್ಕೆ ನಮಗೆ ಮಾದರಿ ಬೇಕೆ? ಹೊರಗೆ ಹುಡುಕಬೇಕಾಗಿಲ್ಲ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 25 ವರ್ಷದ ಒಬ್ಬ ವಿದ್ಯಾರ್ಥಿ ಭಾರತದ ಜಾತಿಗಳ ಬಗ್ಗೆ ಒಂದು ಪ್ರಬಂಧ ಓದಿದ. ಅವನ ಮುಂದೆ ಆ ಕಾಲದ ದೊಡ್ಡ ಹೆಸರುಗಳಿದ್ದವು: ಸೆನಾರ್, ನೆಸ್‌ಫೀಲ್ಡ್, ರಿಸ್ಲಿ, ಕೇತ್ಕರ್. ವಿದ್ಯಾರ್ಥಿಯ ಹೆಸರು ಭೀಮರಾವ್ ಅಂಬೇಡ್ಕರ್. ಅವರು ಆ ನಾಲ್ವರಿಗೂ ಕೈಮುಗಿದು ಸಾಲುಗಳನ್ನು ಇಳಿಸಿಕೊಳ್ಳಲಿಲ್ಲ. ಬಿಳಿಯರು, ಮೇಲ್ಜಾತಿಯವರು ಎಂದು ಎತ್ತಿ ಎಸೆಯಲೂ ಇಲ್ಲ. ಒಬ್ಬೊಬ್ಬರ ವ್ಯಾಖ್ಯೆಯನ್ನೂ ಎದುರಿಗಿಟ್ಟು, ಇದರಲ್ಲಿ ನಿಲ್ಲುವುದೆಷ್ಟು, ಬೀಳುವುದೆಷ್ಟು ಎಂದು ನೋಡಿದರು. ಜಾತಿಯನ್ನು ಒಂಟಿ ಘಟಕವಾಗಿ ನೋಡಿದ್ದೇ ಅವರ ಕೊರತೆ ಎಂದು ತೋರಿಸಿದರು. ಉಪಯೋಗಕ್ಕೆ ಬಂದದ್ದನ್ನು ಇಟ್ಟುಕೊಂಡು ಮುಂದೆ ಹೋದರು. ಬರೀ ಬೈಗುಳಕ್ಕೂ ವಿಮರ್ಶೆಗೂ ಇರುವ ವ್ಯತ್ಯಾಸ ಇದು.

1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಅವರು ಬರೆದ ಪುಸ್ತಕದಲ್ಲಿ ಇನ್ನೂ ದೊಡ್ಡ ಪಾಠ ಇದೆ. ಅಸ್ಪೃಶ್ಯರು ಬೇರೆ ಜನಾಂಗದವರು ಎಂಬ ವಾದಕ್ಕೆ ಆಧಾರ ಮೂಗಿನ ಅಳತೆ ಆಗಿತ್ತಲ್ಲ? ಅಂಬೇಡ್ಕರ್ ಅದೇ ಅಳತೆಗಳನ್ನು, ಸಮಾಜಶಾಸ್ತ್ರಜ್ಞ ಘುರ್ಯೆ ಕೊಟ್ಟಿದ್ದ ಅಂಕಿಗಳನ್ನು ಮುಂದಿಟ್ಟುಕೊಂಡು ಪ್ರಾಂತ್ಯವಾರು ಹೋಲಿಸಿದರು. ಬ್ರಾಹ್ಮಣನೂ ಅಸ್ಪೃಶ್ಯನೂ ಬೇರೆ ಜನಾಂಗ ಎಂಬುದನ್ನು ಆ ಅಂಕಿಗಳೇ ಸುಳ್ಳು ಮಾಡುತ್ತವೆ ಎಂದು ತೋರಿಸಿದರು. ಎದುರಾಳಿಯ ತಕ್ಕಡಿಯಲ್ಲೇ ಎದುರಾಳಿಯ ಸರಕನ್ನು ತೂಗಿದ ಹಾಗೆ. ಕಪಾಟಿನ ಪುಸ್ತಕ ಸುಟ್ಟುಬಿಟ್ಟಿದ್ದರೆ ಈ ಕೆಲಸ ಆಗುತ್ತಿರಲಿಲ್ಲ.

ಗುರುಗಳ ಮಾತನ್ನು ಏನು ಮಾಡಬೇಕು? ಅದಕ್ಕೂ ಅವರಲ್ಲೇ ಉತ್ತರ ಇದೆ. ಜೋತಿಬಾ ಫುಲೆ 1873ರ 'ಗುಲಾಮಗಿರಿ'ಯಲ್ಲಿ ಹೊರಗಿನಿಂದ ಬಂದ ಆರ್ಯರು ಇಲ್ಲಿನವರನ್ನು ಗೆದ್ದು ಗುಲಾಮರನ್ನಾಗಿ ಮಾಡಿದರು ಎಂದು ವಾದಿಸಿದ್ದರು. ಅಂಬೇಡ್ಕರ್ 1946ರಲ್ಲಿ ಶೂದ್ರರ ಮೂಲದ ಬಗ್ಗೆ ಬರೆದ ಪುಸ್ತಕವನ್ನು ಅದೇ ಫುಲೆಯವರಿಗೆ ಅರ್ಪಿಸಿದರು. ಪುಸ್ತಕದ ಒಳಗೆ, ವೇದಗಳ ಆಧಾರಗಳನ್ನು ಪರಿಶೀಲಿಸಿ, ಆರ್ಯರ ದಾಳಿಯ ಸಿದ್ಧಾಂತವನ್ನು ಒಪ್ಪಲು ಆಗುವುದಿಲ್ಲ ಎಂದು ಬರೆದರು. ಅಂಬೇಡ್ಕರರ ಎಲ್ಲ ತೀರ್ಮಾನಗಳನ್ನೂ ಇವತ್ತಿನ ವಿದ್ವಾಂಸರು ಒಪ್ಪುತ್ತಾರೆ ಎಂದಲ್ಲ; ಜನಾಂಗಗಳ ವಲಸೆಯ ಬಗ್ಗೆ ಹೊಸ ಪುರಾವೆಗಳು ಬರುತ್ತಲೇ ಇವೆ, ವಾದ ನಡೆಯುತ್ತಲೇ ಇದೆ. ನಮಗೆ ಬೇಕಾದದ್ದು ಆ ನಡೆ. ಅರ್ಪಣೆಯ ಪುಟದಲ್ಲಿ ಗೌರವ, ಒಳಗಿನ ಪುಟದಲ್ಲಿ ಪರೀಕ್ಷೆ. ಎರಡೂ ಒಂದೇ ಪುಸ್ತಕದಲ್ಲಿ ಇರಬಹುದು. ನಮ್ಮವರ ಮಾತನ್ನು ಪರೀಕ್ಷಿಸಿದರೆ ದ್ರೋಹ ಎನ್ನುವವರು ಈ ಪುಸ್ತಕವನ್ನು ಒಮ್ಮೆ ಬಿಚ್ಚಿ ನೋಡಬೇಕು.

ಸರ್ಕಾರದ ಅಂಕಿಅಂಶಕ್ಕೂ ಇದೇ ಪರೀಕ್ಷೆ ಬೇಕು. 2021ರ ಮಳೆಗಾಲದ ಅಧಿವೇಶನದಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಒಂದು ಉತ್ತರ ಕೊಟ್ಟಿತು: ಮಲ ಹೊರುವ ಕೆಲಸದಿಂದ ಸತ್ತವರ ವರದಿಯೇ ಇಲ್ಲ. ಅದೇ ಅಧಿವೇಶನದಲ್ಲಿ ಕೊಟ್ಟ ಇನ್ನೊಂದು ಲೆಕ್ಕದಲ್ಲಿ ಒಳಚರಂಡಿ, ಶೌಚದ ಗುಂಡಿಗಳ ಅಪಾಯಕಾರಿ ಸ್ವಚ್ಛತೆಯಲ್ಲಿ 941 ಮಂದಿ ಸತ್ತಿದ್ದಾರೆ ಎಂದೂ ಇತ್ತು. ಸತ್ತವರು ಸೊನ್ನೆಯೋ, 941ಓ? ಎರಡೂ ಸರ್ಕಾರದ್ದೇ ಅಂಕಿ. ಗುಟ್ಟು ಇರುವುದು ವ್ಯಾಖ್ಯೆಯಲ್ಲಿ. 2013ರ ಕಾಯ್ದೆ ಮಲ ಹೊರುವವರನ್ನು ಒಂದು ಕಲಮಿನಲ್ಲಿ, ಅಪಾಯಕಾರಿ ಸ್ವಚ್ಛತೆಯನ್ನು ಇನ್ನೊಂದು ಕಲಮಿನಲ್ಲಿ ಇಟ್ಟಿದೆ. ಮ್ಯಾನ್‌ಹೋಲಿಗೆ ಇಳಿದು ಉಸಿರುಗಟ್ಟಿದವನನ್ನು ಎರಡನೆಯ ಕಂತೆಗೆ ಹಾಕಿದರೆ ಮೊದಲನೆಯ ಕಂತೆ ಖಾಲಿ. ಅವನ ಹೆಂಡತಿಗೆ ಈ ಕಂತೆಗಳ ವ್ಯತ್ಯಾಸ ಗೊತ್ತಿಲ್ಲ. ಗಂಡ ಸತ್ತದ್ದು ಗೊತ್ತು. ಆದ್ದರಿಂದ ಅಂಕಿ ಕಂಡ ಕೂಡಲೇ ಹುಡುಗರು ಕೇಳಬೇಕಾದ ಪ್ರಶ್ನೆ 'ಎಷ್ಟು?' ಅಲ್ಲ. 'ಯಾರನ್ನು ಲೆಕ್ಕಕ್ಕೆ ಹಿಡಿದರು, ಯಾರನ್ನು ಬಿಟ್ಟರು?' ಎಂಬುದು. ಎಣಿಸದೆ ಬಿಡುವುದೂ ಒಂದು ರಾಜಕೀಯವೇ. 1931ರ ನಂತರ ಜನಗಣತಿ ಎಲ್ಲ ಜಾತಿಗಳ ಲೆಕ್ಕವನ್ನು ಪ್ರಕಟಿಸಲಿಲ್ಲ. 1980ರಲ್ಲಿ ವರದಿ ಕೊಟ್ಟ ಮಂಡಲ್ ಆಯೋಗ ಹಿಂದುಳಿದವರ ಪ್ರಮಾಣ ಹೇಳಲು ಸುಮಾರು ಅರ್ಧ ಶತಮಾನದ ಹಿಂದಿನ ಅಂಕಿಗೆ ಕೈಚಾಚಬೇಕಾಯಿತು. ಆಮೇಲೆ 'ಅಂಕಿ ಹಳೆಯದು' ಎಂದು ಮೂಗು ಮುರಿದವರಲ್ಲಿ ಹೊಸದಾಗಿ ಎಣಿಸುವುದನ್ನು ಬೇಡವೆಂದವರೂ ಇದ್ದರು.

ಕೋರ್ಟಿನ ತೀರ್ಪೂ ಒಂದು ಆಕರವೇ. ಅದನ್ನು ಓದುವುದಕ್ಕೂ ಕಲಿಸಬೇಕು. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತೀರ್ಪನ್ನು ಓದುವ ವಿದ್ಯಾರ್ಥಿ ಅಲ್ಲಿ ಏನಿದೆಯೋ ಅಷ್ಟನ್ನೇ ಓದಬೇಕು. ಈ ಆರೋಪಿಗಳ ಮೇಲೆ ಕಾನೂನಿಗೆ ಬೇಕಾದ ರುಜುವಾತು ಕೋರ್ಟಿನ ಮುಂದೆ ಬರಲಿಲ್ಲ ಎಂದು ತೀರ್ಪು ಹೇಳುತ್ತದೆ. ಯಾರೂ ಸುಡಲಿಲ್ಲ ಎಂದು ಹೇಳುವುದಿಲ್ಲ. ಹಾಗೆಯೇ, ತೀರ್ಪಿನಲ್ಲಿ ಇಲ್ಲದ ಅಪರಾಧಿಯ ಹೆಸರನ್ನು ನಾವು ನಮ್ಮ ಕೋಪದಿಂದ ಸೇರಿಸಿ ಇತಿಹಾಸ ಎಂದು ಬರೆಯುವ ಹಾಗೂ ಇಲ್ಲ. ಸಾಕ್ಷಿಗಳು ಯಾಕೆ ತಿರುಗಿಬಿದ್ದರು, ಕೇಸು ನಡೆದಷ್ಟು ವರ್ಷ ಅವರು ಯಾರ ಹೊಲದಲ್ಲಿ ಕೂಲಿ ಮಾಡಿ ಬದುಕಬೇಕಾಗಿತ್ತು ಎಂದು ಕೇಳುವುದು ಸಂಶೋಧನೆ. ತೀರ್ಪು ನಿಲ್ಲುವ ಕಡೆಯಿಂದ ಆ ಕೆಲಸ ಶುರುವಾಗುತ್ತದೆ.

ಇನ್ನು ನಮ್ಮ ಅಂಗಳಕ್ಕೆ ಬರೋಣ. ನಮ್ಮ ಹಟ್ಟಿಗಳ ಗೋಡೆ ಮೇಲೆ, ಸಂಘಟನೆಗಳ ಬ್ಯಾನರಿನ ಮೇಲೆ ಬಾಬಾಸಾಹೇಬರ ಚಿತ್ರದ ಕೆಳಗೆ ಮೂರು ಪದ ಇರುತ್ತವೆ: ಶಿಕ್ಷಣ, ಸಂಘಟನೆ, ಹೋರಾಟ. 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನದಲ್ಲಿ ಅವರು ಮಾಡಿದ ಭಾಷಣದಲ್ಲಿ ಈ ಕ್ರಮ ಬೇರೆ. ಅಲ್ಲಿ ಶಿಕ್ಷಣದ ನಂತರ ಬರುವುದು ಹೋರಾಟ, ಸಂಘಟನೆ ಕೊನೆಗೆ. ಇಂಗ್ಲೆಂಡಿನ ಸಮಾಜವಾದಿಗಳು 1880ರ ದಶಕದಲ್ಲೇ ಈ ಮೂರು ಪದಗಳನ್ನು ಘೋಷಣೆಯಾಗಿ ಬಳಸುತ್ತಿದ್ದರು ಎಂಬುದೂ ದಾಖಲಾಗಿದೆ. ಇದನ್ನು ತಿಳಿದರೆ ಬಾಬಾಸಾಹೇಬರ ತೂಕ ಕಮ್ಮಿ ಆಗುವುದಿಲ್ಲ. ಹೋರಾಡುತ್ತ ಹೋರಾಡುತ್ತಲೇ ಸಂಘಟನೆ ಬೆಳೆಯುತ್ತದೋ, ಸಂಘಟನೆ ಗಟ್ಟಿಯಾದ ಮೇಲೆ ಹೋರಾಟಕ್ಕೆ ಇಳಿಯಬೇಕೋ ಎಂಬುದು ಕಾರ್ಯಕರ್ತರು ರಾತ್ರಿಯೆಲ್ಲ ಕೂತು ಮಾತಾಡಬೇಕಾದ ವಿಷಯ. ಮೂಲ ನೋಡದೆ ಇದ್ದರೆ ಆ ಮಾತುಕತೆಯೇ ಹುಟ್ಟುವುದಿಲ್ಲ. ಮಹಾರಾಷ್ಟ್ರ ಸರ್ಕಾರ 1979ರಿಂದ ಅಂಬೇಡ್ಕರರ ಬರಹ ಭಾಷಣಗಳನ್ನು ಸಂಪುಟಗಳಾಗಿ ತಂದಿದೆ, ಕನ್ನಡದಲ್ಲೂ ಸಂಪುಟಗಳು ಬಂದಿವೆ. ಹೀಗಿರುವಾಗ ಮೊಬೈಲಿನಲ್ಲಿ ಬಂದ ಯಾವುದೋ ಸಾಲನ್ನು ಅವರ ಹೆಸರಿನಲ್ಲಿ ಹಂಚುವುದು ಯಾಕೆ? ಯಾವ ಭಾಷಣ, ಯಾವ ವರ್ಷ, ಯಾವ ಸಂಪುಟ ಎಂದು ಹೇಳಲಾಗದ ಸಾಲನ್ನು ಬಾಬಾಸಾಹೇಬರ ಬಾಯಿಗೆ ಹಾಕಬಾರದು. ಅದನ್ನು ವಿರೋಧಿಗಳು ಒಂದು ಸಲ ಸುಳ್ಳೆಂದು ತೋರಿಸಿದರೆ ಅವರು ನಿಜವಾಗಿ ಹೇಳಿದ ನೂರು ಮಾತಿಗೂ ಕುಂದು ಬರುತ್ತದೆ.

ಬಾಯಿಮಾತಿನ ಪರಂಪರೆಗೂ ಇದೇ ನ್ಯಾಯ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಬಸವಣ್ಣನನ್ನೂ ಅಲ್ಲಿನ ಶರಣರನ್ನೂ ಪರೀಕ್ಷೆಗೆ ಒಡ್ಡುತ್ತಾನೆ. ಇದನ್ನು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇಂಥ ದಿನ ಹೀಗೆ ನಡೆಯಿತು ಎಂಬುದಕ್ಕೆ ಸಾಕ್ಷಿಯಾಗಿ ಬಳಸಲು ಆಗುವುದಿಲ್ಲ. ಆದರೆ ಕಲ್ಯಾಣದ ಸಮಾನತೆಯ ಮಾತನ್ನು ಕೆಳಗಿನ ಜನ ಹೇಗೆ ಕೇಳಿಸಿಕೊಂಡರು, ಯಾವ ಅನುಮಾನ ಇಟ್ಟುಕೊಂಡರು ಎಂಬ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಶಾಸನದಲ್ಲಿದೆ? ಪಂಡಿತರು ಮೊದಲನೆಯ ಪ್ರಶ್ನೆ ಹಿಡಿದು ಇದನ್ನು ಕಟ್ಟುಕತೆ ಎಂದು ತಳ್ಳುತ್ತಾರೆ. ನಮ್ಮವರು ಕೆಲವರು ಇದೇ ಇತಿಹಾಸ ಅಂತಾರೆ. ಯಾವ ಪ್ರಶ್ನೆಗೆ ಯಾವ ಸಾಕ್ಷಿ ಎಂದು ಬೇರ್ಪಡಿಸಿಕೊಂಡರೆ ಈ ಜಗಳ ಬೇಕಾಗುವುದಿಲ್ಲ.

ಇದನ್ನೆಲ್ಲ ಗ್ರಂಥಾಲಯವಿಲ್ಲದ ಹಳ್ಳಿಯ ಮೇಷ್ಟ್ರು ಹೇಗೆ ಕಲಿಸಬೇಕು? ಹಳ್ಳಿಯೇ ಗ್ರಂಥಾಲಯ. ಊರಿನ ಕೆರೆಯನ್ನು ತೆಗೆದುಕೊಳ್ಳಿ. ಯಾರು ಕಟ್ಟಿಸಿದರು, ಯಾರು ಅಗೆದರು, ಯಾರ ಹೊಲಕ್ಕೆ ಮೊದಲು ನೀರು ಹೋಗುತ್ತಿತ್ತು, ಯಾವ ಮೆಟ್ಟಿಲಲ್ಲಿ ಯಾರು ನೀರು ಮುಟ್ಟುವ ಹಾಗಿರಲಿಲ್ಲ ಎಂದು ನಾಲ್ಕು ಪ್ರಶ್ನೆ ಬರೆದುಕೊಳ್ಳಲಿ. ಒಂದು ಗುಂಪು ಜಿಲ್ಲಾ ಗೆಜೆಟಿಯರ್ ನೋಡಲಿ. ಒಂದು ಗುಂಪು ತಾಲ್ಲೂಕು ಕಚೇರಿಯಿಂದ ಗ್ರಾಮ ನಕ್ಷೆ, ಪಹಣಿ ತರಲಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿ ಬರೆಯುವುದನ್ನೂ ಕಲಿತ ಹಾಗಾಯಿತು. ಒಂದು ಗುಂಪು ಊರ ಪಟೇಲರ ಮನೆಯ ಹಿರಿಯರನ್ನು ಕೇಳಲಿ. ಒಂದು ಗುಂಪು ಕೇರಿಯ ಅಜ್ಜಂದಿರನ್ನು, ಮುಖ್ಯವಾಗಿ ಅಜ್ಜಿಯರನ್ನು ಕೇಳಲಿ. ನೀರು ಹೊತ್ತವರು ಅವರು. ಹೇಳಿದವರ ವಯಸ್ಸು, ಅವರು ಕಂಡದ್ದೋ ಕೇಳಿದ್ದೋ, ಯಾರ ಎದುರಿಗೆ ಹೇಳಿದರು ಎಂಬುದನ್ನು ಪಕ್ಕದಲ್ಲೇ ಬರೆಯಲಿ. ಗೌಡರ ಮಗ ಪಕ್ಕದಲ್ಲಿ ನಿಂತಿದ್ದಾಗ ಹೇಳಿದ್ದಕ್ಕೂ ಒಲೆಯ ಮುಂದೆ ಹೇಳಿದ್ದಕ್ಕೂ ವ್ಯತ್ಯಾಸ ಇರುತ್ತದೆ. ಕೊನೆಗೆ ಎಲ್ಲವನ್ನೂ ಕಪ್ಪುಹಲಗೆ ಮೇಲೆ ಸಾಲಾಗಿ ಬರೆದು ಎಲ್ಲಿ ಕೂಡುತ್ತವೆ, ಎಲ್ಲಿ ಮುರಿಯುತ್ತವೆ ಎಂದು ನೋಡಲಿ. ಮುರಿಯುವ ಜಾಗವನ್ನು ತೇಪೆ ಹಾಕಿ ಮುಚ್ಚಬಾರದು. ಊರಿನ ಚರಿತ್ರೆ ಇರುವುದು ಅಲ್ಲೇ. ಗೊತ್ತಾಗದೆ ಉಳಿದದ್ದನ್ನು 'ಗೊತ್ತಾಗಲಿಲ್ಲ' ಎಂದು ಬರೆಯಲಿ. ಆ ಒಂದು ಪದಕ್ಕೆ ಮೇಷ್ಟ್ರು ಅಂಕ ಕೊಡಬೇಕು, ಕಳೆಯಬಾರದು.

'ಹೀಗೆ ಅನುಮಾನ ಕಲಿಸಿದರೆ ಮಕ್ಕಳು ಯಾವುದನ್ನೂ ನಂಬುವುದಿಲ್ಲ' ಎಂದು ಕೆಲವರು ಹೆದರುತ್ತಾರೆ. ಯಾವುದನ್ನೂ ನಂಬದವನು ಎಲ್ಲವನ್ನೂ ನಂಬುವವನಷ್ಟೇ ಸೋಮಾರಿ. 'ಎಲ್ಲರೂ ಸುಳ್ಳರೇ ಬಿಡಿ' ಎಂದು ಕೈಚೆಲ್ಲಿದವನನ್ನು ಮಠದವರೂ ಪಕ್ಷದವರೂ ಸುಲಭವಾಗಿ ಹೊತ್ತುಕೊಂಡು ಹೋಗುತ್ತಾರೆ. ನಾವು ಹೇಳುತ್ತಿರುವುದು ಪರೀಕ್ಷೆಯ ಮಾತು. ಪರೀಕ್ಷೆಯಲ್ಲಿ ಗೆದ್ದದ್ದನ್ನು ಗಟ್ಟಿಯಾಗಿ ನಂಬುವುದೂ ಅದರೊಳಗೇ ಇದೆ. ಇನ್ನೂ ಉತ್ತಮ ಸಾಕ್ಷಿ ಬಂದರೆ ಬಿಡುವ ಧೈರ್ಯವೂ ಇದೆ.

ಇದು ಬರೀ ಪ್ರಬಂಧದ ಅಂಕದ ವಿಷಯ ಅಲ್ಲ ಗೆಳೆಯರೆ. ದಲಿತರಿಗೆ ಮಂಜೂರಾದ ಜಮೀನು ಪರರ ಪಾಲಾಗದಂತೆ ತಡೆಯಲು 1978ರಲ್ಲಿ ಕಾಯ್ದೆ ಬಂತು. ಆ ಕಾಯ್ದೆಯಡಿ ಜಮೀನು ವಾಪಸು ಕೇಳಲು ಹೋದವನಿಗೆ ಮೊದಲು ಬೇಕಾಗುವುದು ಮಂಜೂರಾತಿಯ ಕಾಗದ. ಯಾವ ಕಾಗದ ಬೇಕು, ಅದು ಎಲ್ಲಿ ಸಿಗುತ್ತದೆ, ಅದರಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂದು ಓದಬಲ್ಲ ಒಬ್ಬ ಹುಡುಗಿ ಕೇರಿಯಲ್ಲಿದ್ದರೆ ಒಂದೆರಡು ಎಕರೆ ಉಳಿದೀತು. ಅವಳನ್ನು ತಯಾರು ಮಾಡುವುದು ಮೇಷ್ಟ್ರ ಕೈಯಲ್ಲಿದೆ. ಪಾಠದ ಮಧ್ಯೆ ಅವಳು ಎದ್ದು ನಿಂತು 'ಇದನ್ನ ಯಾರು ಹೇಳಿದ್ದು ಸಾ? ಅವರಿಗೆ ಹೆಂಗೆ ಗೊತ್ತು?' ಎಂದು ಕೇಳಿದರೆ ಬೆತ್ತ ಹುಡುಕಬೇಡಿ. ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ, ಬಾ ಇಬ್ಬರೂ ನೋಡೋಣ ಅನ್ನಿ.